ಓಕ್ ಮರಗಳ ಊರು, ಒಂದು ಭಾಷೆಯ ಮನೆ

ನಮ್ಮ ಸಂಘದ ಪತ್ರಿಕೆಯಲ್ಲಿ ಪರವೂರುಗಳ ಬಗೆಗೆ ಬರುವ ಲೇಖನಗಳು ಬಹುಮಟ್ಟಿಗೆ ಪ್ರವಾಸ ಕಥನಗಳು. ವಿಮಾನ ಹತ್ತಿದ್ದು, ಸಸ್ಯಾಹಾರಕ್ಕಾಗಿ ಪರದಾಡಿದ್ದು, ಮಕ್ಕಳು ಐಸ್‌ಕ್ರೀಮಿಗೆ ಹಟ ಹಿಡಿದದ್ದು. ಅವು ಬೇಡವೆಂದು ನಾವು ಹೇಳುವುದಿಲ್ಲ. ಜರ್ಮನಿಯ ಚಳಿಗಾಲದ ಸಂಜೆಗಳಿಗೆ ಅವೂ ಬೇಕು. ಆದರೆ ಈ ಸಲ ನಾವು ಬರೆಯಹೊರಟಿರುವ ಊರು ನೋಡುವುದಕ್ಕೆ ಎಷ್ಟು ಸೊಗಸೋ, ಅದರ ಬಗೆಗೆ ಯೋಚಿಸುವುದು ಅಷ್ಟೇ ಕಷ್ಟ. ಅದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿರುವ ಸ್ಟೆಲೆನ್‌ಬಾಷ್. ವಿಶ್ವವಿದ್ಯಾನಿಲಯದ ಊರು, ದ್ರಾಕ್ಷಿತೋಟಗಳ ಊರು. ನಮ್ಮಂಥ ರಸಾಯನಶಾಸ್ತ್ರದವರಿಗೆ ಅಲ್ಲಿನ ಪಾಲಿಮರ್ ವಿಜ್ಞಾನದ ಹೆಸರು ಪರಿಚಿತ. ಆದರೆ ಕನ್ನಡಿಗರಾಗಿ ನಮಗೆ ಆ ಊರು ಮುಖ್ಯವಾಗುವುದು ಬೇರೆ ಕಾರಣಕ್ಕೆ. ಒಂದು ಭಾಷೆಯನ್ನು ಉಳಿಸಬೇಕೆಂದು ಹೊರಟ ಜನ ಅಲ್ಲಿ ಅದಕ್ಕೊಂದು ಮನೆ ಕಟ್ಟಿದರು. ಮನೆ ಮುಗಿದ ಮೇಲೆ ಬಾಗಿಲು ಹಾಕಿಕೊಂಡರು. ಆ ಮುಚ್ಚಿದ ಬಾಗಿಲಿನಿಂದ ಹೊರಗಿದ್ದವರಿಗೆ ಅನ್ಯಾಯವಾಯಿತು. ಕೊನೆಗೆ ಒಳಗಿದ್ದ ಭಾಷೆಗೂ ಕೇಡಾಯಿತು. ಇಷ್ಟೇ ನಮ್ಮ ವಾದ. ಉಳಿದದ್ದು ಅದಕ್ಕೆ ಆಧಾರ.

ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಕೇಪಿನ ಆಡಳಿತ ವಹಿಸಿಕೊಂಡ ಸಿಮೊನ್ ವಾನ್ ಡರ್ ಸ್ಟೆಲ್ 1679ರಲ್ಲಿ ಏರ್ಸ್ಟೆ ನದಿಯ ದಡಕ್ಕೆ ಬಂದ. ಖೊಯ್ ಜನ ತಲೆತಲಾಂತರದಿಂದ ದನ ಮೇಯಿಸುತ್ತಿದ್ದ ಕಣಿವೆ ಅದು. ಅಲ್ಲಿ ಊರು ಹೂಡಿ, ‘ಸ್ಟೆಲ್‌ನ ಕಾಡು’ ಎಂದು ತನ್ನ ಹೆಸರನ್ನೇ ಇಟ್ಟ. ಪಕ್ಕದ ಬೆಟ್ಟವೂ ಸಿಮೊನ್ಸ್‌ಬರ್ಗ್ ಆಯಿತು. ಬೀದಿಗಳ ಇಕ್ಕೆಲಗಳಲ್ಲಿ ಓಕ್ ಮರ ನೆಡಿಸಿದರು, ಕಾಲುವೆ ತೋಡಿ ನದಿಯ ನೀರು ಹರಿಸಿದರು. ‘ಓಕ್ ಮರಗಳ ಊರು’ ಎಂಬ ಅಡ್ಡಹೆಸರು ಇಂದಿಗೂ ಇದೆ. ವೈನಿನ ಪೀಪಾಯಿಗೆ ಬೇಕಾದದ್ದು ಓಕ್ ಮರ. ಆದರೆ ಯುರೋಪಿನ ಚಳಿಯಲ್ಲಿ ನಿಧಾನವಾಗಿ ಬೆಳೆಯಬೇಕಾದ ಮರ ಕೇಪಿನ ಬಿಸಿಲಿಗೆ ಸರಸರನೆ ಬೆಳೆದು ಅದರ ಕಟ್ಟಿಗೆ ಸಡಿಲವಾಯಿತು, ಪೀಪಾಯಿ ಸೋರುವಂತಾಯಿತು. ನೆರಳಿಗೆ ಮಾತ್ರ ಏನೂ ಕೊರತೆಯಾಗಲಿಲ್ಲ. ಡಾರ್ಪ್ ಬೀದಿಯ ಬಿಳಿ ಗೋಡೆಯ ಹಳೆಯ ಮನೆಗಳ ಮುಂದೆ ಆ ನೆರಳಲ್ಲಿ ನಡೆಯುವವರಿಗೆ ಇಲ್ಲಿ ಎಂದೂ ಏನೂ ಕೆಟ್ಟದ್ದು ನಡೆದಿರಲಾರದು ಅನ್ನಿಸಬೇಕು, ಹಾಗಿದೆ ಊರು.

ಈ ವಾನ್ ಡರ್ ಸ್ಟೆಲ್ ಹುಟ್ಟಿದ್ದು ಹಾಲೆಂಡಿನಲ್ಲಲ್ಲ, ಮಾರಿಷಸ್ ಕಡೆ. ಅವನ ತಾಯಿಯ ತಾಯಿ ಮೋನಿಕಾ ಎಂಬವಳು ಭಾರತದ ಕರಾವಳಿಯಿಂದ ಬಂದವಳೆಂದು ವಂಶಾವಳಿ ಬಲ್ಲವರು ಬರೆದಿದ್ದಾರೆ. 1950ರಲ್ಲಿ ದಕ್ಷಿಣ ಆಫ್ರಿಕದ ಸರಕಾರ ಪ್ರತಿಯೊಬ್ಬ ಪ್ರಜೆಗೂ ಬಣ್ಣದ ಚೀಟಿ ಅಂಟಿಸುವ ಕಾನೂನು ತಂದಿತಲ್ಲ, ಅದರ ಕಣ್ಣಿನಿಂದ ನೋಡಿದರೆ ಊರು ಕಟ್ಟಿದವನಿಗೇ ಆ ಊರಿನಲ್ಲಿ ಮನೆ ಸಿಗುವುದು ಅನುಮಾನ! ಬಣ್ಣದ ಶುದ್ಧಿಯ ಮಾತು ಆಡುವವರು ಮುತ್ತಜ್ಜಿಯ ಹೆಸರು ಕೇಳಬಾರದು.

ಅಲ್ಲಿನ ಭಾಷೆಯ ಕತೆಯೂ ಹೀಗೆಯೇ. ಕೇಪಿಗೆ ಹಡಗುಗಳಲ್ಲಿ ತಂದ ಗುಲಾಮರಲ್ಲಿ ಸರಿಸುಮಾರು ಕಾಲು ಭಾಗ ನಮ್ಮ ಉಪಖಂಡದವರು. ಬಂಗಾಳ, ಕೋರಮಂಡಲ, ಮಲಬಾರ್ ಕಡೆಯವರು. ಉಳಿದವರು ಇಂಡೋನೇಷ್ಯ, ಮಡಗಾಸ್ಕರ್, ಮೊಜಾಂಬಿಕ್ ಕಡೆಯಿಂದ. ಇವರೂ ಖೊಯ್ ಜನರೂ ಡಚ್ ಒಡೆಯರೂ ಅಡುಗೆಮನೆಯಲ್ಲಿ, ತೋಟದಲ್ಲಿ, ತೊಟ್ಟಿಲ ಬಳಿ ಆಡುತ್ತ ಆಡುತ್ತ ಡಚ್ ಭಾಷೆಯ ವ್ಯಾಕರಣ ಸವೆದು ಹೊಸದೊಂದು ಭಾಷೆ ಹುಟ್ಟಿತು. ಅದೇ ಆಫ್ರಿಕಾನ್ಸ್. ಬಾಳೆಹಣ್ಣಿಗೆ ಅಲ್ಲಿ ‘ಪಿಸಾಂಗ್’ ಅನ್ನುತ್ತಾರೆ, ‘ತುಂಬ’ ಅನ್ನುವುದಕ್ಕೆ ‘ಬಾಯ’. ಎರಡೂ ಮಲಯ ಭಾಷೆಯಿಂದ ಬಂದವು. ಕೇಪಿನ ಮುಸಲ್ಮಾನರು ಈ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆದರು. ಅಬೂಬಕರ್ ಎಫೆಂದಿ ಎಂಬ ವಿದ್ವಾಂಸರು ಹಾಗೆ ಬರೆದ ಧರ್ಮಗ್ರಂಥ 1877ರಲ್ಲಿ ಇಸ್ತಾಂಬುಲಿನಲ್ಲಿ ಅಚ್ಚಾಯಿತು. ಘನವಂತರು ಇದನ್ನು ‘ಅಡುಗೆಮನೆಯ ಭಾಷೆ’ ಎಂದು ಹಂಗಿಸುತ್ತಿದ್ದರು. ಹಂಗಣೆಯಲ್ಲೂ ಸತ್ಯವಿತ್ತು. ಅಡುಗೆಮನೆಯಲ್ಲಿ ದುಡಿಯುತ್ತಿದ್ದವರು ಯಾರು ಎಂದು ಕೇಳಿಕೊಂಡರೆ ಆ ಭಾಷೆಯ ತಾಯಂದಿರು ಯಾರೆಂಬುದೂ ತಿಳಿಯುತ್ತದೆ.

ಇಲ್ಲಿಯವರೆಗೆ ನಮ್ಮ ಸಹಾನುಭೂತಿ ಆಫ್ರಿಕಾನ್ಸ್ ಕಡೆಗೇ. ಕೇಪ್ ಬ್ರಿಟಿಷರ ಕೈಗೆ ಹೋದ ಮೇಲೆ ಕಚೇರಿ, ಕೋರ್ಟು, ಶಾಲೆ ಎಲ್ಲವೂ ಇಂಗ್ಲಿಷಾಯಿತು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರ ಶಿಬಿರಗಳಲ್ಲಿ 26 ಸಾವಿರಕ್ಕೂ ಹೆಚ್ಚು ಬೋಯರ್ ಹೆಂಗಸರು ಮಕ್ಕಳು ಸತ್ತರು. ಬೇರೆಯೇ ಶಿಬಿರಗಳಲ್ಲಿ ಕರಿಯ ಜನರೂ ಸಾವಿರಗಟ್ಟಲೆ ಸತ್ತರು, ಅವರನ್ನು ಬಹುಕಾಲ ಯಾರೂ ಎಣಿಸಲಿಲ್ಲ. ಸೋತವರ ಮಕ್ಕಳಿಗೆ ಗೆದ್ದವರ ಭಾಷೆಯಲ್ಲಿ ಪಾಠ. ಸ್ಟೆಲೆನ್‌ಬಾಷಿನಲ್ಲಿ 1866ರಲ್ಲಿ ಜಿಮ್ನೇಷಿಯಂ ಎಂಬ ಶಾಲೆಯಾಗಿ ಆರಂಭವಾಗಿ 1881ರಲ್ಲಿ ಕಾಲೇಜಾದ ಸಂಸ್ಥೆ, 1887ರಲ್ಲಿ ರಾಣಿಯ ಆಳ್ವಿಕೆಯ ಸುವರ್ಣೋತ್ಸವಕ್ಕೆಂದು ‘ವಿಕ್ಟೋರಿಯಾ ಕಾಲೇಜು’ ಎಂದು ಹೆಸರು ಬದಲಿಸಿಕೊಂಡಿತ್ತು. ಮನೆ ಡಚ್ಚರದು, ಬಾಗಿಲ ಮೇಲಿನ ಹೆಸರು ರಾಣಿಯದು. ಹೊಟ್ಟೆ ಉರಿಯದೆ ಇದ್ದೀತೆ?

1915ರಲ್ಲಿ ತೀರಿಕೊಂಡ ಯಾನಿ ಮರೈ ಎಂಬ ಸ್ಥಳೀಯ ಶ್ರೀಮಂತ ತನ್ನ ಉಯಿಲಿನಲ್ಲಿ ಉನ್ನತ ಶಿಕ್ಷಣಕ್ಕೆ 1 ಲಕ್ಷ ಪೌಂಡು ಬಿಟ್ಟ. ಅದಕ್ಕೊಂದು ಷರತ್ತಿತ್ತು: ಅಲ್ಲಿ ಡಚ್ ಅಥವಾ ಆಫ್ರಿಕಾನ್ಸಿಗೆ ಇನ್ನೊಂದು ಅಧಿಕೃತ ಭಾಷೆಗಿಂತ ಕಡಿಮೆಯ ಸ್ಥಾನ ಇರಕೂಡದು. ಆ ಹಣದ ಬಲದಿಂದ 1918ರಲ್ಲಿ ಕಾಲೇಜು ಸ್ಟೆಲೆನ್‌ಬಾಷ್ ವಿಶ್ವವಿದ್ಯಾನಿಲಯವಾಯಿತು. 1925ರಲ್ಲಿ ಆಫ್ರಿಕಾನ್ಸ್ ಅಧಿಕೃತ ಭಾಷೆಯೂ ಆಯಿತು. ಓದುಗರು ಆ ಷರತ್ತನ್ನು ಇನ್ನೊಮ್ಮೆ ಗಮನಿಸಬೇಕು. ‘ಕಡಿಮೆಯ ಸ್ಥಾನ ಬೇಡ’ ಎಂದಷ್ಟೇ ಅದು ಹೇಳಿತು. ನ್ಯಾಯವಾದ ಬೇಡಿಕೆ. ನಮ್ಮ ನಾಡಿನಲ್ಲಿ 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದ ಜನ ಕೇಳಿದ್ದೂ ಕನ್ನಡದ ನೆಲದಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನವನ್ನೇ. ಆದರೆ ಸ್ಟೆಲೆನ್‌ಬಾಷಿನಲ್ಲಿ ‘ಕಡಿಮೆ ಬೇಡ’ ಎಂಬುದು ಕೆಲವೇ ದಶಕಗಳಲ್ಲಿ ‘ನಮ್ಮದು ಮಾತ್ರ’ ಎಂದಾಯಿತು; ಆಮೇಲೆ ‘ನಾವು ಮಾತ್ರ’ ಎಂದಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆ ಅತ್ತೆಯಾದ ದಿನ ಆ ಊರು ಕೆಟ್ಟಿತು.

1919ರಿಂದ 1978ರವರೆಗೆ ದಕ್ಷಿಣ ಆಫ್ರಿಕವನ್ನಾಳಿದ ಆರು ಪ್ರಧಾನಿಗಳೂ ಒಂದಲ್ಲ ಒಂದು ಕಾಲದಲ್ಲಿ ಸ್ಟೆಲೆನ್‌ಬಾಷಿನಲ್ಲಿ ಓದಿದವರು: ಸ್ಮಟ್ಸ್, ಹರ್ಟ್ಜಾಗ್, ಮಲಾನ್, ಸ್ಟ್ರೈಡಮ್, ವರ್ವೂರ್ಡ್, ವೋರ್ಸ್ಟರ್. ಗಾಂಧೀಜಿ ಸೆರೆಮನೆಯಲ್ಲಿ ಚಪ್ಪಲಿ ಹೊಲಿದುಕೊಟ್ಟದ್ದು ಇದೇ ಸ್ಮಟ್ಸರಿಗೆ. ವರ್ವೂರ್ಡ್ ಬರಿಯ ವಿದ್ಯಾರ್ಥಿಯಲ್ಲ. ಅಲ್ಲೇ ಡಾಕ್ಟರೇಟು ಪಡೆದು, ಮನಶ್ಶಾಸ್ತ್ರಕ್ಕೂ ಆಮೇಲೆ ಸಮಾಜಶಾಸ್ತ್ರಕ್ಕೂ ಪ್ರೊಫೆಸರಾಗಿದ್ದವನು. 1936ರಲ್ಲಿ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಹಡಗಿನಲ್ಲಿ ಬರುತ್ತಿದ್ದ ಯಹೂದಿಗಳನ್ನು ಒಳಗೆ ಬಿಡಬಾರದೆಂದು ಪ್ರತಿಭಟಿಸಿದ ಪ್ರೊಫೆಸರುಗಳಲ್ಲಿ ಅವನೂ ಒಬ್ಬ. 1958ರಿಂದ 1966ರವರೆಗೆ ಪ್ರಧಾನಿಯಾಗಿ ವರ್ಣಭೇದ ನೀತಿಗೆ ಪೂರ್ಣರೂಪ ಕೊಟ್ಟ. ನಾವು ಡಾಕ್ಟರೇಟು ಪಡೆದವರು ಇದನ್ನು ನೆನಪಿಡುವುದು ಒಳ್ಳೆಯದು. ವರ್ಣಭೇದವನ್ನು ಬೀದಿಯ ಪುಂಡರಷ್ಟೇ ಮಾಡಲಿಲ್ಲ. ಅಡಿಟಿಪ್ಪಣಿ ಹಾಕಿ ಬರೆಯಬಲ್ಲ ವಿದ್ವಾಂಸರು ಲೈಬ್ರರಿಯ ದೀಪದ ಕೆಳಗೆ ಕುಳಿತು ಅದಕ್ಕೆ ಸಿದ್ಧಾಂತ ಹೊಸೆದರು.

ಆ ಸಿದ್ಧಾಂತ ಊರೊಳಗೆ ಏನು ಮಾಡಿತೆಂಬುದಕ್ಕೆ ‘ಡಿ ಫ್ಲಾಕ್ಟ’ ಸಾಕ್ಷಿ. ‘ಬಯಲು’ ಎಂದು ಆ ಹೆಸರಿನ ಅರ್ಥ. ವಿಶ್ವವಿದ್ಯಾನಿಲಯಕ್ಕೆ ತಾಗಿಕೊಂಡೇ ಇದ್ದ ಆ ಬಡಾವಣೆಯಲ್ಲಿ, ಸರಕಾರದ ಪಟ್ಟಿಯಲ್ಲಿ ‘ಕಲರ್ಡ್’ ಎಂದು ಬರೆದ ಮಿಶ್ರ ಮೂಲದ ಸಂಸಾರಗಳಿದ್ದವು. 1940ರಲ್ಲಿ ಬಿಳಿಯ ವಿದ್ಯಾರ್ಥಿಗಳು ಅಂಡ್ರಿಂಗಾ ಬೀದಿಯಲ್ಲಿ ಇವರ ಮನೆಗಳ ಮೇಲೆ ನುಗ್ಗಿ ದಾಂಧಲೆ ಮಾಡಿದ್ದರು. 1964ರಲ್ಲಿ ಸರಕಾರ ಆ ಪ್ರದೇಶವನ್ನು ಬಿಳಿಯರಿಗೆ ಮೀಸಲೆಂದು ಸಾರಿತು. ಸುಮಾರು 3,700 ಜನ ಊರಾಚೆಯ ಬಡಾವಣೆಗಳಿಗೆ ಹೋಗಬೇಕಾಯಿತು. ಆರು ಶಾಲೆ, ನಾಲ್ಕು ಚರ್ಚು, ಒಂದು ಮಸೀದಿ, ಒಂದು ಸಿನಿಮಾ ಮಂದಿರ, ಹತ್ತು ಅಂಗಡಿ ಇದಕ್ಕೆ ಬಲಿಯಾದವು. ಲುಖಾಫ್ ಶಾಲೆಯ ಕಟ್ಟಡ ವಿಶ್ವವಿದ್ಯಾನಿಲಯದ ಕೈಸೇರಿತು. ಕಲಾ ವಿಭಾಗದ ದೊಡ್ಡ ಕಟ್ಟಡ ನಿಂತಿರುವುದೂ ಆ ನೆಲದ ಮೇಲೆಯೇ.

ಇಲ್ಲಿ ನಮ್ಮನ್ನು ಕಾಡುವ ಸಂಗತಿ ಒಂದಿದೆ. ಎತ್ತಂಗಡಿಯಾದ ಆ ಮನೆಗಳಲ್ಲಿ ಆಡುತ್ತಿದ್ದ ಭಾಷೆ ಯಾವುದು? ಆಫ್ರಿಕಾನ್ಸ್! ಅದೇ ಜೋಗುಳ, ಅದೇ ಬೈಗುಳ, ಅದೇ ಪ್ರಾರ್ಥನೆ. ಆಫ್ರಿಕಾನ್ಸ್ ಭಾಷೆಯ ಕೋಟೆ ತಾನೆಂದು ಹೇಳಿಕೊಳ್ಳುತ್ತಿದ್ದ ಊರು ಆಫ್ರಿಕಾನ್ಸ್ ಆಡುವ ನೆರೆಮನೆಯವರನ್ನೇ ಲಾರಿ ಹತ್ತಿಸಿತು. ಹಾಗಾದರೆ ಅವರು ಕಾಪಾಡಿದ್ದು ಭಾಷೆಯನ್ನಲ್ಲ. ಭಾಷೆಯ ಹೆಸರಿನಲ್ಲಿ ತಮ್ಮ ಜಮೀನು, ತಮ್ಮ ಹುದ್ದೆ, ತಮ್ಮ ಬಣ್ಣವನ್ನು. ಇಂದಿಗೂ ಆಫ್ರಿಕಾನ್ಸ್ ಮಾತೃಭಾಷೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಳಿಯರಲ್ಲ. ಮನೆಯ ಬಹುಪಾಲು ವಾರಸುದಾರರನ್ನು ಜಗಲಿಗೂ ಹತ್ತಿಸದೆ ಕಟ್ಟಿದ ಮನೆಗೆ ಭಾಷೆಯ ಮನೆ ಎಂಬ ಹೆಸರು ಸಲ್ಲುವುದೆ?

ಭಾಷೆ ಇದಕ್ಕೆ ದಂಡ ತೆತ್ತಿತು. 1976ರ ಜೂನ್ 16ರಂದು ಸೊವೆಟೊದಲ್ಲಿ ಶಾಲೆಯ ಮಕ್ಕಳು ಬೀದಿಗೆ ಬಂದದ್ದು ಆಫ್ರಿಕಾನ್ಸ್ ಮಾಧ್ಯಮವನ್ನು ತಮ್ಮ ಮೇಲೆ ಹೇರಿದ್ದಕ್ಕೆ. ಪೋಲೀಸರು ಮಕ್ಕಳ ಮೇಲೆ ಗುಂಡು ಹಾರಿಸಿದರು. ಗುಲಾಮರ ಅಡುಗೆಮನೆಯಲ್ಲಿ ಹುಟ್ಟಿದ ಭಾಷೆ ಅಂದಿನಿಂದ ಜಗತ್ತಿನ ಕಿವಿಗೆ ಪೋಲೀಸಿನವರ ಭಾಷೆಯಾಗಿ ಕೇಳಿಸತೊಡಗಿತು. ಒಂದು ಭಾಷೆಗೆ ಅದರ ಶತ್ರುಗಳೂ ಮಾಡಲಾರದ ಅಪಚಾರವನ್ನು ಅದರ ಭಕ್ತರು ಮಾಡಿ ತೋರಿಸಿದರು.

ಆದರೆ ಒಂದು ಊರನ್ನು ಪೂರ್ತಿ ಕಪ್ಪುಪಟ್ಟಿಗೆ ಸೇರಿಸುವುದೂ ಸರಿಯಲ್ಲ. ವರ್ವೂರ್ಡನ ಸಮಾಜಶಾಸ್ತ್ರದ ತರಗತಿಯಲ್ಲಿ ಕುಳಿತಿದ್ದ ಬೈಯರ್ಸ್ ನೌಡೆ ಎಂಬ ವಿದ್ಯಾರ್ಥಿ ಮುಂದೆ ಪಾದ್ರಿಯಾಗಿ, ವರ್ಣಭೇದ ಕ್ರೈಸ್ತಧರ್ಮಕ್ಕೇ ವಿರುದ್ಧವೆಂದು ಸಾರಿ, 1963ರಲ್ಲಿ ತನ್ನ ಚರ್ಚಿನ ಹುದ್ದೆ ಬಿಟ್ಟು ಹೊರಬಂದರು. 1977ರಿಂದ 1984ರವರೆಗೆ ಸರಕಾರ ಅವರ ಬಾಯಿ ಕಟ್ಟಿತು. ಅಲ್ಲೇ ಓದಿ ಅಲ್ಲೇ ಪಾಠ ಹೇಳಿದ್ದ ವಾನ್ ಝೈಲ್ ಸ್ಲಾಬರ್ಟ್ 1987ರಲ್ಲಿ ಬಿಳಿಯ ಆಫ್ರಿಕಾನರ ಗುಂಪೊಂದನ್ನು ಸೆನೆಗಲಿನ ಡಕಾರಿಗೆ ಕರೆದೊಯ್ದು ನಿಷೇಧಿತ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ನಾಯಕರೊಡನೆ ಮಾತಿಗೆ ಕೂರಿಸಿದರು. ಒಂದೇ ಕಪ್ಪು ಹಲಗೆಯ ಮುಂದೆ ಕುಳಿತವರಲ್ಲಿ ಒಬ್ಬರು ಬೀಗ ಹಾಕಿದರು, ಒಬ್ಬರು ಬೀಗ ತೆಗೆಯಲು ಹೆಣಗಿದರು.

ನಮ್ಮ ವೃತ್ತಿಯವರೊಬ್ಬರ ಮಾತೂ ಇಲ್ಲಿ ಬರಲಿ. ಅಬ್ರಹಾಂ ಪೆರೋಲ್ಡ್ ರಸಾಯನಶಾಸ್ತ್ರಜ್ಞ. ಡಾಕ್ಟರೇಟು ಪಡೆದದ್ದು ನಾವಿರುವ ಈ ಜರ್ಮನಿಯ ಹಾಲೆಯಲ್ಲಿ. ಸ್ಟೆಲೆನ್‌ಬಾಷಿನಲ್ಲಿ ದ್ರಾಕ್ಷಿಕೃಷಿಯ ಮೊದಲ ಪ್ರೊಫೆಸರಾದ ಅವರು 1925ರಲ್ಲಿ ಎರಡು ತಳಿಗಳನ್ನು ಕೂಡಿಸಿದರು. ಒಂದು ನಾಜೂಕಿನ ಪಿನೋ ನ್ವಾರ್. ಇನ್ನೊಂದು, ಬಿಸಿಲು ತಾಳಬಲ್ಲ, ಆಗ ಅಲ್ಲಿ ಹರ್ಮಿಟೇಜ್ ಎನ್ನುತ್ತಿದ್ದ ಸಾನ್ಸೋ. ಸಿಕ್ಕಿದ್ದು ನಾಲ್ಕು ಬೀಜ. ಮನೆಯ ಹಿತ್ತಲಲ್ಲಿ ಬಿತ್ತಿ ಕೆಲಸ ಬದಲಿಸಿ ಹೊರಟುಹೋದರು. ಹಿತ್ತಲು ಶುಚಿ ಮಾಡಲು ಬಂದವರ ಕೈಯಿಂದ ಕಿರಿಯ ಅಧ್ಯಾಪಕರೊಬ್ಬರು ಆ ಸಸಿಗಳನ್ನು ಉಳಿಸಿಕೊಂಡರು. ‘ಪಿನೊಟಾಜ್’ ಎಂದು ಇಂದು ದಕ್ಷಿಣ ಆಫ್ರಿಕದ ಹೆಮ್ಮೆಯ ದ್ರಾಕ್ಷಿ ಅದೇ. ಆ ದ್ರಾಕ್ಷಿ, ಆ ಭಾಷೆ, ಊರು ಕಟ್ಟಿದ ಆ ಮನುಷ್ಯ, ಮೂರೂ ಬೆರಕೆಯಿಂದಲೇ ಗಟ್ಟಿಯಾದವು. ಅಂಥ ಊರು ಶುದ್ಧಿಯ ಮಡಿ ಉಟ್ಟು ಕುಳಿತದ್ದು ವಿಪರ್ಯಾಸವಲ್ಲದೆ ಮತ್ತೇನು? ಆ ತೋಟಗಳಲ್ಲಿ ದುಡಿದವರಿಗೆ ಕೂಲಿಯ ಒಂದು ಭಾಗವಾಗಿ ಅಗ್ಗದ ವೈನು ಕುಡಿಸುವ ‘ಡಾಪ್’ ಪದ್ಧತಿಯಿತ್ತು. ಅದು ಬಿತ್ತಿದ ಕುಡಿತದ ಪಿಡುಗು ಗರ್ಭದ ಕೂಸುಗಳನ್ನೂ ಬಿಡದೆ ಇಂದಿಗೂ ಆ ಪ್ರಾಂತವನ್ನು ಕಾಡುತ್ತಿದೆ. ಸೀಸೆಯ ಮೇಲಿನ ಚೆಂದದ ಚೀಟಿಯಲ್ಲಿ ಇದನ್ನು ಯಾರೂ ಅಚ್ಚು ಹಾಕುವುದಿಲ್ಲ.

1994ರಲ್ಲಿ ಸರಕಾರ ಬದಲಾಯಿತು. ಊರು ಬದಲಾಗಲು ಇನ್ನೂ ಹೊತ್ತು ಹಿಡಿಯಿತು. 2007ರಲ್ಲಿ ರಸೆಲ್ ಬಾಟ್ಮನ್ ಅಲ್ಲಿನ ಮೊದಲ ಬಿಳಿಯರಲ್ಲದ ಕುಲಪತಿಯಾದರು; 2014ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. 2015ರಲ್ಲಿ ವರ್ವೂರ್ಡನ ಹೆಸರಿನ ಫಲಕ ಇಳಿಯಿತು. ಅದೇ ವರ್ಷ ‘ಲಾಯ್ಸ್ಟರ್’, ಅಂದರೆ ‘ಕೇಳು’ ಎಂಬ ಸಾಕ್ಷ್ಯಚಿತ್ರದಲ್ಲಿ ಕರಿಯ ವಿದ್ಯಾರ್ಥಿಗಳು ತಮಗೆ ತಿಳಿಯದ ಭಾಷೆಯ ಪಾಠದಲ್ಲಿ ಕುಳಿತ ಅವಮಾನವನ್ನು ಹೇಳಿಕೊಂಡರು. 2016ರ ಹೊಸ ಭಾಷಾನೀತಿ ಇಂಗ್ಲಿಷನ್ನು ಎಲ್ಲರಿಗೂ ಸಿಗುವಂತೆ ಮಾಡಿ, ಆಫ್ರಿಕಾನ್ಸನ್ನು ಬೇಡಿಕೆ ಇದ್ದಷ್ಟು, ಸಾಧ್ಯವಾದಷ್ಟು ಉಳಿಸಿಕೊಂಡಿತು. ಆಫ್ರಿಕಾನ್ಸ್ ಪರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. 2019ರಲ್ಲಿ ಸಂವಿಧಾನ ನ್ಯಾಯಾಲಯ ವಿಶ್ವವಿದ್ಯಾನಿಲಯದ ನೀತಿಯನ್ನೇ ಎತ್ತಿಹಿಡಿಯಿತು. ಆ ಪೀಠದ ನ್ಯಾಯಮೂರ್ತಿಯೊಬ್ಬರು ತಮ್ಮ ಸಹಮತದ ತೀರ್ಪನ್ನು ಆಫ್ರಿಕಾನ್ಸಿನಲ್ಲೇ ಬರೆದರು. 2021ರಲ್ಲಿ ಗಡಿಯಾರ ಇನ್ನೊಂದು ಕಡೆಗೆ ವಾಲಿತು. ಕೆಲವು ಹಾಸ್ಟೆಲುಗಳಲ್ಲಿ ಹೊಸ ವಿದ್ಯಾರ್ಥಿಗಳು ತಮ್ಮತಮ್ಮಲ್ಲೂ ಆಫ್ರಿಕಾನ್ಸ್ ಆಡಬಾರದೆಂದು ತಡೆದರೆಂಬ ದೂರು ಬಂತು. 2023ರಲ್ಲಿ ಅಲ್ಲಿನ ಮಾನವ ಹಕ್ಕುಗಳ ಆಯೋಗ ವಿಚಾರಣೆ ಮುಗಿಸಿ, ಹಾಗೆ ತಡೆದದ್ದು ಹಕ್ಕುಗಳ ಉಲ್ಲಂಘನೆ ಎಂದಿತು.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. 2016ರ ನೀತಿ ನ್ಯಾಯವಾದದ್ದು. ಎಲ್ಲರ ತೆರಿಗೆಯಿಂದ ನಡೆಯುವ ವಿಶ್ವವಿದ್ಯಾನಿಲಯದ ತರಗತಿ ಎಲ್ಲರಿಗೂ ಅರ್ಥವಾಗಲೇಬೇಕು. ಆದರೆ ಹಾಸ್ಟೆಲಿನ ಹುಡುಗಿ ಗೆಳತಿಯೊಡನೆ ತಾಯಿನುಡಿ ಆಡಿದರೆ ಗದರಿಸುವುದು, ಹಳೆಯ ರೋಗಕ್ಕೆ ಅದೇ ರೋಗವನ್ನು ಮದ್ದೆಂದು ಕೊಟ್ಟಂತೆ. ಇನ್ನೂ ಒಂದು ಮಾತು. ಇಂಗ್ಲಿಷ್ ಬಂದರೆ ಎಲ್ಲರಿಗೂ ಸಮಾನತೆ ಬಂತೆಂದು ತಿಳಿಯುವುದು ಭ್ರಮೆ. ಬಿಳಿಯ ಶ್ರೀಮಂತರ ಮಕ್ಕಳು ಯಾವ ಭಾಷೆಯಲ್ಲಾದರೂ ಓದಿಕೊಳ್ಳುತ್ತಾರೆ. ಡಿ ಫ್ಲಾಕ್ಟದಿಂದ ಹೊರಹಾಕಿಸಿಕೊಂಡವರ ಮೊಮ್ಮಗ, ಮನೆಯಲ್ಲೂ ಶಾಲೆಯಲ್ಲೂ ಆಫ್ರಿಕಾನ್ಸೇ ಕಲಿತ ತೋಟದ ಕೂಲಿಯ ಮಗಳು, ಇವರಿಗೆ ಅಂದು ಬಣ್ಣದ ಕಾರಣಕ್ಕೆ ಬಾಗಿಲು ಮುಚ್ಚಿತ್ತು. ಇಂದು ಬಾಗಿಲು ತೆರೆದಾಗ ಒಳಗಿನ ಮಾತು ಬೇರೆಯಾಗಿದೆ. ಆಫ್ರಿಕಾನ್ಸ್ ಅಲ್ಲಿ ಉಳಿಯಬೇಕಾದರೆ ಈ ಮಕ್ಕಳ ಸಲುವಾಗಿ ಉಳಿಯಬೇಕು, ಅವರ ಮಾತಿನ ಧಾಟಿಯಲ್ಲೇ ಉಳಿಯಬೇಕು. ಕೇಪಿನ ಕಲರ್ಡ್ ಜನರ ಆಡುನುಡಿಯಲ್ಲಿ ಬರೆದ ಆಡಮ್ ಸ್ಮಾಲ್ ಅವರಿಗೆ ಆಫ್ರಿಕಾನ್ಸ್ ಸಾಹಿತ್ಯದ ದೊಡ್ಡ ಗೌರವವಾದ ಹರ್ಟ್ಜಾಗ್ ಬಹುಮಾನ ಸಿಕ್ಕಿದ್ದು 2012ರಲ್ಲಿ, ಅವರ 70 ದಾಟಿದ ವಯಸ್ಸಿನಲ್ಲಿ. ತಡವಾದರೂ ದಾರಿ ಅದೇ. ಡಿ ಫ್ಲಾಕ್ಟದವರ ಪೀಳಿಗೆಗೆ ವಿದ್ಯಾರ್ಥಿವೇತನ ಇಟ್ಟದ್ದೂ, ಕಟ್ಟಡವೊಂದಕ್ಕೆ 2021ರಲ್ಲಿ ಕ್ರೊಟೋವಾಳ ಹೆಸರಿಟ್ಟದ್ದೂ ಆ ದಾರಿಯವೇ. ಕ್ರೊಟೋವಾ 17ನೆಯ ಶತಮಾನದಲ್ಲಿ ಖೊಯ್ ಜನರಿಗೂ ಡಚ್ಚರಿಗೂ ನಡುವೆ ದುಭಾಷಿಯಾಗಿ ನಿಂತ ಹೆಣ್ಣುಮಗಳು.

ಇದನ್ನೆಲ್ಲ ಓದಿ ‘ಬಿಳಿಯರ ಬುದ್ಧಿಯೇ ಹೀಗೆ’ ಎಂದು ತಲೆಯಾಡಿಸಿ ಪುಟ ತಿರುಗಿಸುವುದು ಸುಲಭ. ಅಗ್ರಹಾರ, ಕೇರಿ ಎಂಬ ಎರಡು ಮಾತು ನಮ್ಮ ನಿಘಂಟಿನಲ್ಲಿರುವ ತನಕ ನಮಗೆ ಆ ಸೌಕರ್ಯವಿಲ್ಲ. ಈ ದೇಶದ ಬೀದಿಗಳಲ್ಲಿ ಹಿಂದಿನ ನಿವಾಸಿಗಳ ಹೆಸರು ಕೆತ್ತಿದ ಪುಟ್ಟ ಹಿತ್ತಾಳೆಯ ಕಲ್ಲುಗಳನ್ನು ದಿನವೂ ದಾಟಿ ನಡೆಯುತ್ತೇವೆ. ನಮ್ಮ ಊರುಗಳಲ್ಲಿ ಅಂಥ ಕಲ್ಲು ನೆಡಹೊರಟರೆ ಎಲ್ಲೆಲ್ಲಿ ನೆಡಬೇಕಾದೀತು?

ಕೊನೆಗೆ ನಮ್ಮ ಸಂಘದ ವಿಷಯ. ಮಕ್ಕಳ ಕನ್ನಡ ತರಗತಿಗೆ ಮನೆಮಾತು ಕನ್ನಡವಾದವರನ್ನು ಮಾತ್ರ ಸೇರಿಸಬೇಕು, ಇಲ್ಲವಾದರೆ ಮಟ್ಟ ಇಳಿಯುತ್ತದೆ ಎಂಬ ಸಲಹೆ ಇತ್ತೀಚೆಗೆ ಸಭೆಗಳಲ್ಲಿ ಕೇಳಿಬರುತ್ತಿದೆ. ಹೇಳುವವರ ಕಾಳಜಿಯನ್ನು ನಾವು ಅನುಮಾನಿಸುವುದಿಲ್ಲ. ಹೊರದೇಶದಲ್ಲಿ ಭಾಷೆ ಕರಗಿಹೋಗುವ ಭಯ ನಮ್ಮ ಮನೆಯಲ್ಲೂ ಇದೆ. ಆದರೆ ಆ ನಿಯಮ ಹಾಕಿದ್ದರೆ ಯಾರು ಹೊರಗುಳಿಯುತ್ತಿದ್ದರು ನೋಡಿ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ, ಪು.ತಿ.ನ. ಅವರದು ತಮಿಳು. ಗೋವಿಂದ ಪೈ, ಗಿರೀಶ ಕಾರ್ನಾಡರದು ಕೊಂಕಣಿ. ನಿಸಾರ್ ಅಹಮದರದು ಉರ್ದು. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇವರನ್ನು ಬಾಗಿಲಲ್ಲಿ ನಿಲ್ಲಿಸಿ ಮನೆಮಾತಿನ ಸರ್ಟಿಫಿಕೇಟು ಕೇಳಿದ್ದರೆ ಕನ್ನಡಕ್ಕೆ ಉಳಿಯುತ್ತಿದ್ದುದೇನು?

ಆದ್ದರಿಂದ ತರಗತಿಯ ಬಾಗಿಲು ತೆರೆದಿರಲಿ ಎಂಬುದು ನಮ್ಮ ಮತ. ತಂದೆ ಕನ್ನಡಿಗ, ತಾಯಿ ಜರ್ಮನ್ ಆದ ಮಗು ಬರಲಿ; ಮನೆಯಲ್ಲಿ ತುಳುವೋ ಉರ್ದುವೋ ಆಡುವ ಮಗು ಬರಲಿ; ಕಲಬುರ್ಗಿಯ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಆಡುವ ಮಗುವನ್ನು ‘ಸರಿಯಾಗಿ ಮಾತಾಡು’ ಎಂದು ತಿದ್ದದೆ ಕೂರಿಸಿಕೊಳ್ಳೋಣ. ಮಟ್ಟ ಇಳಿದರೆ ಎತ್ತುವುದಕ್ಕೆ ಮೇಷ್ಟರಿದ್ದಾರೆ; ಮಕ್ಕಳೇ ಬಾರದಿದ್ದರೆ ಮೇಷ್ಟರು ಏನು ಮಾಡಿಯಾರು? ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಮತಕ್ಕೆ ಬಂದರೆ ನಾವು ಕೈಯೆತ್ತುವುದು ಹೀಗೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಸಂಪಾದಕರು ಜಾಗ ಕೊಡುತ್ತಾರೆಂದು ನಂಬಿದ್ದೇವೆ.